ತಾನಪ್ಪ ಗವರ್ನರರ ಹೊಸ್ತಿಲು

ಶರಣಬಸಮ್ಮ ಅಡುಗೆ ಕೆಲಸ ಕೇಳಿಕೊಂಡು ಆ ಮನೆಗೆ ಹೋದ ದಿನ ಬಾಗಿಲು ತೆಗೆದವರೇ ಗವರ್ನರರು. ಐರೋಲಿಯಲ್ಲಿ ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿಗೆ, ಮುಖ ಮಾಡಿ ನಿಂತ ಕಟ್ಟಡ, ಎಂಟನೆಯ ಮಹಡಿ. ಬಾಗಿಲ ತುಂಬ ನಿಂತ ದೊಡ್ಡ ಆಳು, ಕಪ್ಪು ಮೈ, ಬೆಳ್ಳಗಾದ ಗುಂಗುರು ಕೂದಲು, ಸೊಂಟಕ್ಕೆ ಹೂವಿನ ಲುಂಗಿ. ಈ ದೇಶದವರಲ್ಲ ಎಂದು ನೋಡಿದೊಡನೆ ತಿಳಿಯುತ್ತಿತ್ತು. ಹಿಂದಿಯಲ್ಲಿ ಮಾತಾಡಲೋ ಮರಾಠಿಯಲ್ಲೋ ಎಂದು ಆಕೆ ತಡವರಿಸುತ್ತಿರುವಾಗ ಅವರು ಆಕೆಯ ಬೆನ್ನ ಹಿಂದಿನ ನೆಲವನ್ನು ನೋಡುತ್ತ ಕೇಳಿದರು.

“ಒಬ್ಬರ ಬಂದೀರೇನ್ರೀ? ನಿಮ್ಮ ಹಿಂದ ಯಾರರೆ ಕುಂತಾರೇನು?”

ಅಚ್ಚ ವಿಜಯಪುರದ ಮಾತು. ಶರಣಬಸಮ್ಮ ತಿರುಗಿ ನೋಡಿದಳು. ಲಿಫ್ಟಿನ ಬಾಗಿಲು, ಪಕ್ಕದ ಮನೆಯವರ ಚಪ್ಪಲಿ, ಅಷ್ಟೆ.

“ಯಾರೂ ಇಲ್ರೀ ಸಾಹೇಬ್ರ.”

“ಹಂಗಾರ ಭರತಿ ಇನ್ನೂ ಬಂದಿಲ್ಲ. ಒಳಗ ಬರ್ರಿ.”

ಖಾಡಿಯಲ್ಲಿ ಸಮುದ್ರದ ನೀರು ಏರುವುದಕ್ಕೆ ಇಲ್ಲಿಯವರು ಭರತಿ ಎನ್ನುತ್ತಾರೆ. ಅದಕ್ಕೂ ತನ್ನ ಹಿಂದೆ ಯಾರೋ ಕೂರುವುದಕ್ಕೂ ಏನು ಸಂಬಂಧವೆಂದು ಆಕೆಗೆ ಆಗ ತಿಳಿಯಲಿಲ್ಲ.

ಮನೆ ನೋಡಿಕೊಳ್ಳುತ್ತಿದ್ದವಳು ಜ್ಯೋತ್ಸ್ನಾ, ಅವರ ತೀರಿಹೋದ ಹೆಂಡತಿ ಪದ್ಮಾವತಿಯ ತಂಗಿಯ ಮಗಳು. “ಮಾವಶಿ, ಕಾಕಾ ಗವರ್ನರ್ ಇದ್ರು. ಪ್ಯಾಸಿಫಿಕ್ ಸಮುದ್ರದಾಗ ಒಂದು ದ್ವೀಪಕ್ಕ,” ಎಂದಳು ಶರಣಬಸಮ್ಮನಿಗೆ; ಮನೆಗೆಲಸದವರನ್ನು ಇಲ್ಲಿಯವರು ಮಾವಶಿ ಎಂದೇ ಕರೆಯುತ್ತಾರೆ.

“ಗವರ್ನರ್ ಅಂದ್ರ ಮನಿ ಮುಂದ ಪೊಲೀಸರು ಇರಬೇಕಲ್ಲವಾ?”

“ಇದ್ರು,” ಎಂದರು ಅವರು. “ಇಬ್ಬರು. ಒಬ್ಬಾಂವ ಯಾವಾಗಲೂ ಮೀನಾ ಹಿಡಿಯಾಕ ಹೋಗಿರ್ತಿದ್ದ.”

ಶರಣಬಸಮ್ಮ ರೊಟ್ಟಿ ಬಡಿಯುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ರೊಟ್ಟಿಯ ಸಪ್ಪಳ ಕೇಳಿದರೆ ಅವರಿಗೆ ಮಾತು ಬರುತ್ತಿತ್ತು. ಹೆಸರು ತಾನಿಯೇಲಾ. ಮೀನುಗಾರನ ಮಗ, ಮೊದಲು ಸಾಲೆಯ ಮಾಸ್ತರ. ದ್ವೀಪದ ಒಂದೇ ಆಸ್ಪತ್ರೆಗೆ ನರ್ಸ್ ಆಗಿ ಬಂದ ಪದ್ಮಾವತಿ ಆ ಹೆಸರನ್ನು ತಾನಪ್ಪ ಎಂದು ತಿದ್ದಿಕೊಂಡು ಲಗ್ನವಾದಳು, ಕನ್ನಡವನ್ನೂ ಕಲಿಸಿದಳು. ಆಮೇಲೆ ಅವರು ಗವರ್ನರ್ ಹುದ್ದೆಯ ಚುನಾವಣೆಗೆ ನಿಂತರು, ಗೆದ್ದರು, ಇನ್ನೊಮ್ಮೆಯೂ ಗೆದ್ದರು. ಅಧಿಕಾರ ಮುಗಿದ ಮೇಲೆ ಹೆಂಡತಿಯ ಜೊತೆ ಇಲ್ಲಿಗೆ ಬಂದರು.

ರಾಜ್ಯದಲ್ಲಿ ಎಷ್ಟು ಜನ ಎಂದು ಕೇಳಿ ತಿಳಿದು ಶರಣಬಸಮ್ಮ ನಕ್ಕುಬಿಟ್ಟಳು. “ಅಷ್ಟ್ ಮಂದಿ ನಮ್ಮ ಡೊಂಬಿವಲಿಯಾಗ ಒಂದು ಲೋಕಲಿಗೆ ಹತ್ತತಾರ್ರೀ.”

“ಹತ್ತಲಿ. ನಮ್ಮ ಮಂದಿಗೆ ಎಲ್ಲಾರಿಗೂ ಖಿಡಕಿ ಸೀಟ ಬೇಕು.”

ಆದರೆ ಭರತಿಯ ಹೊತ್ತಿಗೆ ನಗು ನಿಲ್ಲುತ್ತಿತ್ತು. ತಟ್ಟೆ ಸರಿಸಿ, ಎದ್ದು ಹೋಗಿ ಹೊರಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು.  ಯಾಕೆಂದು ಒಂದು ದಿನ ಅವರೇ ಹೇಳಿದರು.

ಅವರ ಕೈಕೆಳಗೆ ಒಂದು ಸಣ್ಣ ನಡುಗಡ್ಡೆಯಿತ್ತು. ಅಲ್ಲಿಯವರು ಸತ್ತವರನ್ನು ಮನೆಯ ಮುಂದೆಯೇ ಹೂಳಿ ಮೇಲೊಂದು ಕಟ್ಟೆ ಕಟ್ಟುತ್ತಾರೆ. ಸಂಜೆ ಆ ಕಟ್ಟೆಯ ಮೇಲೆಯೇ ಕೂತು ಹರಟುತ್ತಾರೆ, ಕೂಸುಗಳನ್ನು ಮಲಗಿಸುತ್ತಾರೆ. ಸಮುದ್ರ ದಂಡೆಯನ್ನು ತಿನ್ನುತ್ತ ಬಂದಾಗ ಗವರ್ನರರು ಎಲ್ಲರನ್ನೂ ದೊಡ್ಡ ದ್ವೀಪಕ್ಕೆ ಸಾಗಿಸಿದರು. ಒಬ್ಬ ಮುದುಕಿ ಗಂಡನ ಸಮಾಧಿ ಬಿಟ್ಟು ಏಳಲಿಲ್ಲ. ಇವರು ಹೋಗಿ ಆಕೆಯ ಚಾಪೆಯ ಮೇಲೆ ಕೂತು, ನೀ ನಡಿ, ಎಲುಬು ತೆಗೆಸಿ ಕಳಿಸುತ್ತೇನೆ, ನಿನ್ನ ಗಂಡ ಮುಂದಿನ ದೋಣಿಯಲ್ಲಿ ಬರುತ್ತಾನೆ ಎಂದು ಮಾತು ಕೊಟ್ಟರು. ಆ ದೋಣಿ ಹೊರಡುವ ಮೊದಲೇ ಸಮುದ್ರ ಉಕ್ಕಿ ಕಟ್ಟೆ, ಎಲುಬು ಎಲ್ಲವನ್ನೂ ಒಯ್ದಿತು.

“ಮರುದಿನ ಮುಂಜಾನೆ ಆಕಿ ಬಂದು ನನ್ನ ಹೊಸ್ತಿಲಕ್ಕ ಕುಂತಳು. ನನ್ನ ಗಂಡ ಬಂದನೇನು ಅಂದಳು. ಮುಂದಿನ ದೋಣಿ ಅಂದೆ. ದಿನಾ ಕೇಳಿದಳು, ದಿನಾ ಅದನ್ನ ಅಂದೆ. ಸಾಯೂತನಕ.”

“ಯಾರೂ ಆಕಿಗೆ ಖರೇ ಹೇಳಲಿಲ್ಲೇನ್ರೀ?”

“ಗವರ್ನರ್ ಸುಳ್ಳು ಹೇಳ್ಯಾನಂತ ಯಾರು ಹೇಳ್ತಾರ್ರೀ? ಈಗ ಇಲ್ಲಿಗೂ ಬಂದಾಳ. ನೀರು ಏರಿತಂದ್ರ ಬಂದು ಕುಂದರ್ತಾಳ.”

ಶರಣಬಸಮ್ಮನ ಗಂಡ ಸಿದ್ರಾಮ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿ ಸತ್ತವನು. ಊರಾಚೆ ತಮ್ಮ ಜನ ಹೂಳುವ ಜಾಗದಲ್ಲಿ ಮಲಗಿದ್ದಾನೆ. ಪ್ರತಿ ಅಮಾವಾಸ್ಯೆಗೆ ಹೋಗಿ ಆ ಮಣ್ಣಿನ ಮೇಲೆ ಕೈಯಿಟ್ಟು ಬಂದರೆ ಆಕೆಗೆ ಸಮಾಧಾನ. ಕೈಯಿಡಲು ಮಣ್ಣೇ ಇಲ್ಲದ ಆ ಮುದುಕಿಯನ್ನು ನೆನೆದು ಆಕೆಗೆ ಹೆದರಿಕೆಯಾಗಲಿಲ್ಲ, ಮರುಕವಾಯಿತು.

ಅದಕ್ಕೇ ಹಿರಿಯರ ಅಮಾವಾಸ್ಯೆಯ ದಿನ ಆಕೆ ತನ್ನವರ ಪದ್ಧತಿಯಂತೆ ಸತ್ತವಳಿಗೆ ಎಡೆ ಇಟ್ಟಳು. ಎಲೆಯ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ, ಹೋಳಿಗೆ, ಒಂದು ತಂಬಿಗೆ ನೀರು. ಮಧ್ಯಾಹ್ನ ಖಾಡಿ ತುಂಬಿ ಅದರ ಮೇಲಿನ ಸೇತುವೆಯ ಕಂಬಗಳ ಬುಡ ಮುಳುಗಿಸುವ ಹೊತ್ತಿಗೆ ಹೊಸ್ತಿಲ ಒಳಗೆ ಇಟ್ಟು, ಬಾಗಿಲು ತೆರೆದು, “ಉಣ್ಣವಾ ತಾಯಿ, ಉಂಡು ತಣ್ಣಗಾಗಿ ಹೋಗು,” ಎಂದಳು.

ಗವರ್ನರರು ಓಡಿ ಬಂದರು. ಮುಖ ಬೂದಿಬಣ್ಣವಾಗಿತ್ತು. “ಏನ್ ಮಾಡಿದ್ರಿ ಇದು!”

“ನಮ್ಮಲ್ಲಿ ಉಂಡವರು ಹೋಗ್ತಾರ್ರೀ.”

“ನಮ್ಮಲ್ಲಿ ಉಂಡವರು ಉಳೀತಾರ. ಹೊಸ್ತಿಲದಾಗ ಸತ್ತಾಕಿಗೆ ಅನ್ನಾ ಇಟ್ಟವರು ಆಕಿಗೆ ಮನಿ ಕೊಟ್ಟಂಗ. ಆಮ್ಯಾಲ ಆಕಿ ಅವರ ಮಾತಷ್ಟ ಕೇಳ್ತಾಳ.” ಕುರ್ಚಿಯಲ್ಲಿ ಕುಸಿದರು. “ಇವತ್ತ ಆಕಿಗೆ ಖರೇ ಹೇಳಬೇಕಂತ ಧೈರ್ಯಾ ಮಾಡಿದ್ದೆ. ಇನ್ನ ನಾ ಹೇಳಿದ್ರ ಆಕಿಗೆ ಕೇಳಸಂಗಿಲ್ಲ.”

ಅಂದಿನಿಂದ ಅವರು ಹೊರಬಾಗಿಲಿಗೆ ಹೋಗಲಿಲ್ಲ. ಭರತಿಯ ಹೊತ್ತಿಗೆ ಅಡುಗೆಮನೆಯ ಮೂಲೆಯನ್ನು ನೋಡುತ್ತ ಕೂರುತ್ತಿದ್ದರು. ಆ ಮೂಲೆಯಲ್ಲಿ ನೆಲ ಒದ್ದೆಯಾಗತೊಡಗಿತು. “ಏಸಿ ಲೀಕ್ ಆಗ್ತದ ಮಾವಶಿ, ಮಿಸ್ತ್ರಿನ್ನ ಕರಸ್ತೀನಿ,” ಎಂದಳು ಜ್ಯೋತ್ಸ್ನಾ. ಶರಣಬಸಮ್ಮ ಒರೆಸಿದ ಬಟ್ಟೆಯನ್ನು ಹಿಂಡುವಾಗ ಒಂದು ಬೆರಳು ನಾಲಿಗೆಗೆ ಮುಟ್ಟಿಸಿ ನೋಡಿದಳು. ಉಪ್ಪು.  ಆ ಮೂಲೆಗೆ ಕಾಲು ತಾಗದಂತೆ ಸರಿದು ನಿಂತು ರೊಟ್ಟಿ ಬಡಿಯುವುದನ್ನು ರೂಢಿ ಮಾಡಿಕೊಂಡಳು.

ಚಳಿಗಾಲದಲ್ಲಿ ಗವರ್ನರರಿಗೆ ಉಬ್ಬಸ ಹಿಡಿಯಿತು. ಜ್ಯೋತ್ಸ್ನಾ ಆಸ್ಪತ್ರೆಗೆ ಸೇರಿಸಲು ಗಾಲಿಕುರ್ಚಿ ತರಿಸಿದಳು. ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಮನೆಯಿಂದ ಹೊರಡುವ ಆ ದಿನ ಲಿಫ್ಟ್ ಬಂದು ಬಾಗಿಲು ತೆರೆದರೂ ಅವರು ಶರಣಬಸಮ್ಮನ ಸೆರಗಿನ ಅಂಚನ್ನು ಹಿಡಿದು ಬಿಡಲಿಲ್ಲ.

“ಕಾಕಾ, ಗಾಡಿ ನಿಂತದ, ಬಿಡ್ರಿ,” ಎಂದಳು ಜ್ಯೋತ್ಸ್ನಾ.

ಅವರು ಮನೆಯ ಒಳಗೆ, ಅಡುಗೆಮನೆಯ ಕಡೆಗೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಶರಣಬಸಮ್ಮಾರ, ಇನ್ನ ಯಾವ ದೋಣೀನೂ ಬರಂಗಿಲ್ಲಂತ ಆಕಿಗೆ ನೀವು ಹೇಳ್ತೀರೇನು?”