ಮರಳಿಗೆ ಇಳಿಸಿದ ಜೀಪು

ನನ್ನ ಹೆಂಡತಿಯ ಸರ್ವೀಸ್ ರಿಜಿಸ್ಟರಿನ ಮೊದಲ ಪುಟ ತೆರೆದರೆ ಆ ಸೋಮವಾರದ ತಾರೀಕು ಸಿಗುತ್ತದೆ. ಅದರ ನಕಲು ನಮ್ಮ ಬೀರುವಿನಲ್ಲೇ ಇದೆ. ನಾನು ತೆರೆದು ನೋಡಿಲ್ಲ. ಎಪ್ಪತ್ತರ ದಶಕದ ಕೊನೆ, ಫೆಬ್ರವರಿ ಇರಬೇಕು, ಹೊಳೆಯಲ್ಲಿ ನೀರು ಮೊಣಕಾಲಿನಷ್ಟಿತ್ತು. ನನಗೆ ಇಷ್ಟು ಸಾಕು. ತಾರೀಕೊಂದು ಖಚಿತವಾದರೆ ಉಳಿದದ್ದೆಲ್ಲವೂ ಖಚಿತ ಎಂಬ ಭ್ರಮೆ ಹುಟ್ಟುತ್ತದೆ.

ಆಗ ಮದುವೆಯಾಗಿ ಮೂರು ವರ್ಷ. ನಂಜನಗೂಡಿನ ಜೂನಿಯರ್ ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ. ದೇವಸ್ಥಾನದ ಹಿಂದಿನ ಬೀದಿಯ ಮನೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರು, ನಾವಿಬ್ಬರು. ಗಂಡ ಹೆಂಡತಿ ಏನಾದರೂ ಮಾತಾಡಿಕೊಳ್ಳಬೇಕೆಂದರೆ ಕಪಿಲೆಯ ಮೆಟ್ಟಿಲಿಗೆ ಹೋಗಬೇಕು. ಅಲ್ಲೂ ಯಾರಾದರೊಬ್ಬರು "ಏನ್ ಮೇಷ್ಟ್ರೇ, ಗಾಳಿಗೆ ಬಂದ್ರಾ?" ಎನ್ನುತ್ತ ಪಕ್ಕದಲ್ಲೇ ಕೂತುಬಿಡುತ್ತಿದ್ದರು.

ಆ ತಿಂಗಳು ಅವಳಿಗೆ ಟಿ. ನರಸೀಪುರದ ಹೈಸ್ಕೂಲೊಂದರಲ್ಲಿ ಕೆಲಸದ ಆದೇಶ ಬಂದಿತ್ತು. ಹದಿನೈದು ದಿನದೊಳಗೆ ಹೋಗಿ ಡ್ಯೂಟಿಗೆ ರಿಪೋರ್ಟ್ ಮಾಡಿಕೊಳ್ಳಬೇಕು, ತಪ್ಪಿದರೆ ಆದೇಶ ರದ್ದು. ಅವಳಿಗೆ ಆ ಕೆಲಸ ಬೇಕಿತ್ತು. ಅಲ್ಲೇ ಒಂದು ಚಿಕ್ಕ ಮನೆ ಮಾಡಿ ನಾನು ಬಸ್ಸಿನಲ್ಲಿ ನಂಜನಗೂಡಿಗೆ ಓಡಾಡಲಿ ಎಂಬ ಆಸೆಯೂ ಇತ್ತು. ಅಮ್ಮ ಬೇಡ ಎನ್ನಲಿಲ್ಲ. ಸಾರಿಗೆ ಉಪ್ಪು ಹಾಕುವುದನ್ನು ಎರಡು ದಿನ ಮರೆತರು, ಅಷ್ಟೆ. ನಾನು ದಿನಾ "ನೋಡೋಣ" ಎನ್ನುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ ಕೊನೆಗೆ ಉಳಿದದ್ದು ಒಂದು ಶನಿವಾರ, ಒಂದು ಭಾನುವಾರ ಮತ್ತು ಕೊನೆಯ ದಿನವಾದ ಸೋಮವಾರ.

ಹೊಳೆ ನಡುವಿನ ಮರಳುದಿಬ್ಬದ ಮೇಲೆ ಗುಡಾರ ಹಾಕಿಕೊಂಡು ಒಂದು ರಾತ್ರಿ ಇದ್ದು ಬರೋಣ ಎಂಬ ಹುಚ್ಚು ಯಾರಿಗೆ ಮೊದಲು ಹತ್ತಿತು? ನನ್ನ ನೆನಪಿನ ಪ್ರಕಾರ ಅವಳಿಗೆ. ಅವಳ ಪ್ರಕಾರ ನನಗೆ. "ಮುಡುಕುತೊರೆ ಹತ್ರ ಹೊಳೆ ಒಳಗೆ ಒಂದು ಮೈದಾನವೇ ಇದೆಯಂತೆ, ಅಲ್ಲಿ ಕೂತು ತೀರ್ಮಾನ ಮಾಡೋಣ ಅಂದವರು ನೀವು," ಎನ್ನುತ್ತಾಳೆ. ಇರಬಹುದು. ತೀರ್ಮಾನಕ್ಕೆ ಸ್ಥಳ ಹುಡುಕುವುದು ತೀರ್ಮಾನ ಮಾಡದವರ ಕೆಲಸ.

ಜೀಪು ಅವಳ ಸೋದರಮಾವನದು. ಅವರು ರಸ್ತೆ ಕಂಟ್ರಾಕ್ಟರು. ಹರಾಜಿನಲ್ಲಿ ಹಿಡಿದ ಹಳೇ ಜೀಪು. ದೊಡ್ಡ ಗೇರುಕೋಲಿನ ಪಕ್ಕ ಇನ್ನೆರಡು ಗಿಡ್ಡ ಕೋಲುಗಳು. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗಿ ನಾಲ್ಕೂ ಚಕ್ರ ಸೇರಿ ಎಳೆಯುತ್ತವೆಂದು ಡ್ಯಾಶ್‌ಬೋರ್ಡಿನ ಹಿತ್ತಾಳೆ ತಗಡಿನಲ್ಲಿ ಚಿತ್ರಸಹಿತ ಕೆತ್ತಿತ್ತು. ಯಾವ ಶಾಸ್ತ್ರವನ್ನೂ ಕಣ್ಣುಮುಚ್ಚಿ ಒಪ್ಪಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದ ನಾನು ಆ ತಗಡನ್ನು ಎರಡು ಸಲ ಓದಿ ಪೂರ್ತಿ ನಂಬಿದೆ.

ಬೀಗದ ಕೈ ಕೊಡುವಾಗ ಮಾವ ಏನೋ ಹೇಳಿದರು. ಏನು ಹೇಳಿದರೆಂಬುದೇ ಇಲ್ಲಿಯ ಪ್ರಶ್ನೆ. ನನಗೆ ನೆನಪಿರುವುದು, "ಅಳಿಯಂದ್ರೇ, ಬ್ರೇಕು ಎರಡು ಸಲ ಒತ್ತಬೇಕು ಕಣ್ರೀ, ಮೊದಲ್ನೇ ಸಲಕ್ಕೆ ಮಾತು ಕೇಳಲ್ಲ, ನಿಮ್ಮ ಹಾಗೆ," ಎಂದು ನಕ್ಕದ್ದು. ಆಮೇಲೂ ಅವರ ಬಾಯಿ ಆಡುತ್ತಿತ್ತು. ನಾನು ಟಾರ್ಪಾಲಿನ್ ಕಟ್ಟುತ್ತಿದ್ದೆ.

ಶನಿವಾರ ಚೆನ್ನಾಗೇ ನಡೆಯಿತು. ನರಸೀಪುರ ದಾಟಿ, ಮುಡುಕುತೊರೆಯ ಬೆಟ್ಟ ಬಳಸಿ, ಎತ್ತಿನಗಾಡಿಗಳು ಹೊಳೆ ದಾಟುವ ಜಾಡಿನಲ್ಲೇ ಜೀಪನ್ನು ನೀರಿಗಿಳಿಸಿದೆ. ಅಡಿಯಲ್ಲಿ ಗಟ್ಟಿ ಗರಸು. ಆಚೆಗೆ ಒದ್ದೆ ಮರಳು, ಸಿಮೆಂಟಿನ ಹಾಗೆ. ಎರಡು ಫರ್ಲಾಂಗು ಉದ್ದದ ದಿಬ್ಬ, ಅಂಚಿನಲ್ಲಿ ಜೊಂಡು. ಮೇಲ್ಗಡೆ ಒಬ್ಬ ರೈತ ಗುಂಡಿ ತೋಡಿ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದ. ಅವನನ್ನು ಬಿಟ್ಟರೆ ನಾವಿಬ್ಬರೇ. ಅವಳು ಮೂರು ಕಲ್ಲಿಟ್ಟು ಅನ್ನ ಮಾಡಿದಳು, ಗಾಳಿಗೆ ಮರಳು ಬಿದ್ದು ಹಲ್ಲಿಗೆ ಸಿಕ್ಕಿತು, ಇಬ್ಬರೂ ನಕ್ಕೆವು. ಬಾಯಿ ತುಂಬ ನಕ್ಕದ್ದು, ಪಕ್ಕದ ಕೋಣೆಯವರಿಗೆ ಕೇಳಿಸೀತು ಎಂಬ ಎಣಿಕೆಯಿಲ್ಲದೆ. ಅದು ಮಾತ್ರ ಚೆನ್ನಾಗಿ ನೆನಪಿದೆ. ಆದರೆ ಚೆನ್ನಾಗಿ ನೆನಪಿರುವುದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ. ಎಷ್ಟು ಸಲ ಹೊರತೆಗೆದು ಒರೆಸಿಟ್ಟಿದ್ದೇನೋ.

ಭಾನುವಾರ ಮೂರು ಗಂಟೆಗೆ ಎಲ್ಲ ಕಟ್ಟಿ ಹೊರಡಬೇಕಿತ್ತು. ರಾತ್ರಿ ನರಸೀಪುರದಲ್ಲಿ ಅವಳ ಸ್ನೇಹಿತೆಯ ಮನೆ, ಬೆಳಗ್ಗೆ ಹತ್ತೂವರೆಯೊಳಗೆ ಶಾಲೆ. ತೀರ್ಮಾನವನ್ನು ನಾನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ನನ್ನನ್ನು ಕೇಳುವುದನ್ನು ಬಿಟ್ಟು ಹೊಸ ಸೀರೆಯನ್ನು ಮಡಿಸಿ ಚೀಲದ ಮೇಲ್ಭಾಗದಲ್ಲಿಟ್ಟುಕೊಂಡಿದ್ದಳು.

"ಆ ತುದಿವರೆಗೂ ಒಂದು ರೌಂಡು ಹೋಗಿ ಬಂದುಬಿಡೋಣ," ಎಂದೆ.

"ಯಾಕೆ?"

"ನೋಡಿಲ್ವಲ್ಲ."

"ಅಲ್ಲೂ ಮರಳೇ ಇರೋದು ಕಣ್ರೀ."

ಆದರೂ ಹೋದೆ. ದಿಬ್ಬದ ನೆತ್ತಿಯ ಒಣ ಮರಳಿಗೆ ಚಕ್ರ ತಗುಲುತ್ತಲೇ ಜೀಪು ಸೊಂಟ ಮುರಿದವರ ಹಾಗೆ ಹಿಂದಕ್ಕೆ ಕುಸಿಯಿತು. ಗಿಡ್ಡ ಕೋಲನ್ನು ಎಳೆದೆ. ಎಂಜಿನ್ನು ಅರಚಿತು, ಹಿಂದಿನ ಚಕ್ರಗಳು ಗುಂಡಿ ತೋಡಿಕೊಂಡವು, ಮುಂದಿನವು ಅಲುಗಲೇ ಇಲ್ಲ. ಜೊಂಡು ಕಿತ್ತು ಹಾಸಿದೆವು, ಟಾರ್ಪಾಲಿನ್ ಹಾಸಿದೆವು. ಅವಳು ಸೆರಗು ಸಿಕ್ಕಿಸಿ ತಟ್ಟೆಯಲ್ಲಿ ಮರಳು ತೋಡಿದಳು. ಹೊತ್ತು ಇಳಿಯುವ ಹೊತ್ತಿಗೆ ಅಚ್ಚು ಮರಳಿನ ಮೇಲೆ ಕೂತಿತ್ತು.

ಕಲ್ಲಂಗಡಿಯವನು ಇಷ್ಟು ಹೊತ್ತೂ ದೂರದಿಂದ ನೋಡುತ್ತ ಬೀಡಿ ಎಳೆಯುತ್ತಿದ್ದ. ಈಗ ಎದ್ದು ಬಂದ.

"ಏನ್ ಸಾ, ಬಾವಿ ತೆಗೀತಿದ್ದೀರಾ?"

"ನಾಲ್ಕು ವೀಲೂ ಎಳೆಯೋ ಗಾಡಿ ಕಣಪ್ಪ ಇದು. ಯಾಕೋ ಇವತ್ತು..."

"ನಾನೂ ಲಾರೀಲಿ ನಾಕು ವರ್ಸ ಕ್ಲೀನರ್ ಆಗಿದ್ದೆ ಸಾ. ತಡೀರಿ." ಅಂಗಾತ ಮಲಗಿ ಜೀಪಿನ ಹೊಟ್ಟೆಯಡಿ ತಲೆ ತೂರಿಸಿದ. ಒಳಗಿನಿಂದಲೇ ಅವನ ನಗು ಬಂತು. "ಅಯ್ಯೋ ಸಾ, ಮುಂದಿನ ಚಕ್ರ ತಿರುಗ್ಸೋ ಶಾಪ್ಟೇ ಇಲ್ವಲ್ಲ! ಪೆಟ್ರೋಲ್ ಉಳೀಲಿ ಅಂತ ಯಾರೋ ಬಿಚ್ಚಿ ಮಡಗವ್ರೆ. ನೀವು ಕೋಲು ಎಳೆದ್ರೆ ಯಾವನ್ ಕೇಳಿಸ್ಕತ್ತಾನೆ? ಇಂಥದ್ನ ಮರಳ್ಗೆ ಇಳಿಸ್ತಾರಾ? ಅಕ್ಕಾ, ನೀವಾದ್ರೂ ಯೋಳ್ಬಾರ್ದಾ?"

ಅವಳು ನಗಲಿಲ್ಲ. ಬೆಳಗ್ಗೆ ಎತ್ತು ತರುವುದಾಗಿ ಹೇಳಿ ಅವನು ತನ್ನ ಗುಡಿಸಲಿಗೆ ಹೋದ. ಕೊನೆಯ ಬಸ್ಸು ಹೋಗಿಯಾಗಿತ್ತು. ಅವಳು ಅವನು ಹೋಗುವವರೆಗೂ ಕಾದು ಕೇಳಿದಳು:

"ಮಾವ ಹೇಳಿದ್ರಲ್ಲ, ಮುಂದಿನ ಶಾಫ್ಟ್ ಬಿಚ್ಚಿದೀನಿ, ಮರಳಿಗೆ ಇಳಿಸಬೇಡಿ ಅಂತ?"

"ಇಲ್ಲ. ಬ್ರೇಕಿನ ವಿಷಯ ಹೇಳಿದ್ರು, ಅಷ್ಟೇ."

"ನೀವು ತಲೆ ಆಡಿಸಿದ್ರಿ."

"ಗೊತ್ತಿದ್ದು ಇಳಿಸ್ತೀನಾ?"

"ಅದನ್ನೇ ಕೇಳ್ತಾ ಇದೀನಿ."

ನಾನು ಸಿಟ್ಟಾದೆ. ಹಾಗಿದ್ದರೆ ನೀನು ಯಾಕೆ ತಡೆಯಲಿಲ್ಲ ಎಂದು ವಾದ ಹೂಡಿದೆ. "ನಿನ್ನೆ ಗಟ್ಟಿ ನೆಲದಲ್ಲೇ ಓಡಿಸ್ತಾ ಇದ್ರಿ, ನಿಮಗೆ ನೆನಪಿದೆ ಅಂದ್ಕೊಂಡಿದ್ದೆ," ಎಂದಳು. ನಾನು ಕಲಿಸುವ ತರ್ಕವೇ ಮನೆಗೆ ಬಂದು ಎದುರು ಕೂತ ಹಾಗಾಯಿತು.

ಸೋಮವಾರ ಬೆಳಕು ಹರಿಯುವಾಗಲೇ ಅವಳು ಸಿದ್ಧಳಾಗಿದ್ದಳು. ಹೊಸ ಸೀರೆ ಉಟ್ಟಿರಲಿಲ್ಲ. ಚೀಲ ತಲೆಯ ಮೇಲಿತ್ತು, ಉಟ್ಟ ಸೀರೆ ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿತ್ತು. ಕಲ್ಲಂಗಡಿಯವನು ದಾರಿ ತೋರಿಸುತ್ತ ಮುಂದೆ ನೀರಿಗಿಳಿದ. ನಾನೂ ಬರುತ್ತೇನೆಂದೆ. "ಜೀಪು ಬಿಟ್ಟು ಬರೋಕ್ಕಾಗುತ್ತಾ? ಇಲ್ಲೇ ಇರಿ," ಎಂದು ಹೋದಳು. ಹಿಂದಿರುಗಿ ನೋಡಿದಳೋ ಇಲ್ಲವೋ. ಬಹಳ ವರ್ಷ ನನ್ನ ನೆನಪಿನಲ್ಲಿ ಅವಳು ನಡುನೀರಿನಲ್ಲಿ ನಿಂತು ಕೈ ಬೀಸುತ್ತಿದ್ದಳು. ತಲೆಯ ಮೇಲಿನ ಚೀಲಕ್ಕೆ ಎರಡೂ ಕೈ ಬೇಕಿತ್ತಲ್ಲ ಎಂದು ಈಚೆಗೆ ಹೊಳೆಯಿತು.

ಎತ್ತು ಬರುವವರೆಗೆ ನಾನೊಬ್ಬನೇ ಮರಳ ಮೇಲೆ ಕೂತಿದ್ದೆ. ಮಾವ ಬೀಗದ ಕೈ ಕೊಡುವ ಆ ಅರ್ಧ ನಿಮಿಷವನ್ನು ಮತ್ತೆ ಮತ್ತೆ ನಡೆಸಿ ನೋಡಿದೆ. ಮೊದಲ ಸಲ ಅವರು ಏನೂ ಹೇಳಲಿಲ್ಲ. ನಾಲ್ಕನೆಯ ಸಲಕ್ಕೆ ಅವರ ತುಟಿಯ ಮೇಲೆ 'ಶಾಫ್ಟ್' ಎಂಬ ಮಾತು ಕಂಡಿತು. ಹತ್ತನೆಯ ಸಲಕ್ಕೆ ನಾನು ತಲೆ ಆಡಿಸುವುದು ನನಗೇ ಕಂಡಿತು. ಅದು ನಡೆದದ್ದೋ, ಅವಳು ಹೇಳಿದ ಮೇಲೆ ನಾನು ಕಟ್ಟಿಕೊಂಡದ್ದೋ? ಗೊತ್ತಿದ್ದೂ ಮರೆತೆನೆ, ಮರೆಯಲು ಒಳಗೊಂದು ಕಾರಣವಿತ್ತೆ? ಅವಳ ಕೆಲಸ ತಪ್ಪಲಿ ಎಂದು ನಾನು ಬಯಸಿರಲಿಲ್ಲ. ತಾನಾಗಿ ತಪ್ಪಿದರೆ ಅಮ್ಮನಿಗೆ ಏನೂ ಹೇಳಬೇಕಾಗಿಲ್ಲ ಎಂಬ ಸಣ್ಣ ನೆಮ್ಮದಿ ಮಾತ್ರ ಇತ್ತು. ಅದು ಇತ್ತೆಂದು ಈಗ ಬರೆಯಬಲ್ಲೆ. ಅಂದು ಅದಕ್ಕೆ ಹೆಸರಿರಲಿಲ್ಲ.

ಎರಡು ಜೊತೆ ಎತ್ತು ಕಟ್ಟಿ ಎಳೆದಾಗ ಜೀಪು ಸಲೀಸಾಗಿ ಮೇಲೆ ಬಂತು. ಊಟದ ಹೊತ್ತಿಗೆ ಶಾಲೆಯ ಗೇಟಿನಲ್ಲಿದ್ದೆ. ಬಿಡುವಿನ ಗಂಟೆ ಹೊಡೆದು ಅವಳು ಹೊರಬಂದಳು. ಹೊಸ ಸೀರೆ ಉಟ್ಟಿದ್ದಳು, ಬೆರಳಿಗೆ ಸೀಮೆಸುಣ್ಣ ಹತ್ತಿತ್ತು. ಹತ್ತು ಗಂಟೆಗೇ ರಿಪೋರ್ಟ್ ಮಾಡಿಕೊಂಡಳಂತೆ, ಆಗಲೇ ಎರಡು ಪೀರಿಯಡ್ಡೂ ಕೊಟ್ಟಿದ್ದರಂತೆ. ಜೀಪಿನ ವಿಷಯ ಕೇಳಲಿಲ್ಲ.

"ಇಲ್ಲೇ ಹಿಂದಿನ ಬೀದಿಯಲ್ಲಿ ಒಂದು ಮನೆ ಖಾಲಿ ಇದೆಯಂತೆ," ಎಂದಳು. "ಸಂಜೆ ನೋಡೋಕೆ ಹೋಗ್ತೀನಿ. ನೀವು ಬರ್ತೀರೋ, ನಂಜನಗೂಡಿಗೆ ಹೋಗ್ತೀರೋ?"

'ನೋಡೋಣ' ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಬರ್ತೀನಿ," ಎಂದೆ. "ಅಮ್ಮನಿಗೆ ನಾನೇ ಹೇಳ್ತೀನಿ."

ಅವಳು ಶಾಲೆ ಬಿಡುವುದು ನಾಲ್ಕೂವರೆಗೆ ಎಂದು ಹೇಳಿ ಒಳಗೆ ಹೋದಳು. ನಾನು ಗೇಟಿನ ಎದುರಿನ ಹೋಟೆಲಿನಲ್ಲಿ ಕೂತು ನಾಲ್ಕೂವರೆಯವರೆಗೂ ಕಾದೆ.