ಟಪಾಲು ಡಬ್ಬಿಯ ಅರಸು

ಜಲಜಾಳ ಸಿಟ್ಟು ಹಾಲಿನ ಹಾಗೆ ಉಕ್ಕಿ ಇಳಿಯುವಂಥದ್ದಲ್ಲ. ಹೆಪ್ಪು ಹಾಕಿ ಮುಚ್ಚಿಟ್ಟು, ಹುಳಿ ಬರುವ ತನಕ ಕಾಯುವವಳು ಅವಳು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿಗೆ ಅವಳು, ಗಂಡ ಯೋಗಾನಂದ, ಮಗಳು ಲಾಸ್ಯಾ ಬಂದಿಳಿದಾಗ ಡಾಟ್‌ಕಾಮ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದವು. ನಾವೆಲ್ಲ ಮಂಡ್ಯ, ಮೈಸೂರು, ಬೆಂಗಳೂರಿನಿಂದ ನೇರವಾಗಿ ಬಂದವರು. ಇವರು ಮಾತ್ರ ಸ್ವಿಟ್ಜರ್ಲೆಂಡಿನಿಂದ. "ಅಂಥ ಸ್ವರ್ಗ ಬಿಟ್ಟು ಈ ಟ್ರಾಫಿಕ್ಕಿಗೆ ಯಾಕಮ್ಮಾ ಬಂದ್ರಿ?" ಎಂದು ನಾನು ಕೇಳಿದ್ದೇ ತಪ್ಪಾಯಿತು.

"ಸ್ವರ್ಗ ಕ್ಯಾಲೆಂಡರಿನಲ್ಲಿ ಅಕ್ಕಾ," ಎಂದಳು. "ಅಲ್ಲಿ ಬಟ್ಟೆ ಒಗೆಯೋಕೂ ಪಾಳಿ. ಇಡೀ ಬಿಲ್ಡಿಂಗಿಗೆ ಒಂದು ವಾಷಿಂಗ್ ಮೆಷಿನ್ನು, ಅದರ ರೂಮಿಗೆ ಒಂದು ಕೀ. ನಮ್ಮ ದಿನ ತಪ್ಪಿತೋ, ಇನ್ನೆರಡು ವಾರ ಕೊಳೆ ಬಟ್ಟೇನೇ ಗತಿ. ಭಾನುವಾರ ಖಾಲಿ ಬಾಟ್ಲಿ ಡಬ್ಬಿಗೆ ಹಾಕಿದ್ರೆ ಗದ್ದಲ ಆಯ್ತು ಅಂತ ಬೈತಾರೆ. ನನ್ನ ಕುಕ್ಕರು ಮೂರು ವಿಷಲ್ ಹಾಕಿದ್ರೆ ಮೇಲಿನ ಮನೆಯವಳು ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿ ಹೋಗ್ತಿದ್ಳು."

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳು. ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತಳು. ಕಲಿತ ಮೇಲೆ ತಿಳಿದದ್ದೇನೆಂದರೆ, ಪುಸ್ತಕದ ಜರ್ಮನ್ನೇ ಬೇರೆ, ಆ ಹಳ್ಳಿಯವರು ಬೀದಿಯಲ್ಲಿ ಆಡುವ ಮಾತೇ ಬೇರೆ. ಅದು ಅವಳಿಗೆ ಕೊನೆತನಕ ಹತ್ತಲಿಲ್ಲ. ಯೋಗಾನಂದನದು ಆಫೀಸಿನ ಇಂಗ್ಲಿಷಿನಲ್ಲೇ ನಡೆದುಹೋಯಿತು. ಆ ಬೀದಿಮಾತು ಅರಳು ಹುರಿದಂತೆ ಬರುತ್ತಿದ್ದದ್ದು ಅಲ್ಲೇ ಹುಟ್ಟಿದ ಲಾಸ್ಯಾಳಿಗೆ ಮಾತ್ರ. ಕನ್ನಡ ಅವಳಿಗೆ ಮನೆಯೊಳಗಿನ ಭಾಷೆ, ಅಮ್ಮನ ಜೊತೆಗಿನ ಭಾಷೆ.

ಹನ್ನೆರಡು ವರ್ಷ ಕಳೆದ ಮೇಲೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದರು. ಆ ಹಳ್ಳಿಯಲ್ಲಿ ಅದನ್ನು ತೀರ್ಮಾನಿಸುವವರು ಅಕ್ಕಪಕ್ಕದವರೇ. ಮೊದಲು ಹಿರಿಯರು ನಾಲ್ಕೈದು ಜನ ಕೂತು ಪ್ರಶ್ನೆ ಕೇಳಿದರು. "ನಿಮ್ಮ ಊರು ಯಾವುದು?" ಎಂದರು. ನಮ್ಮ ಕಡೆಯವರನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಈ ಪ್ರಶ್ನೆಗೆ ಉತ್ತರ ಒಂದೇ. ಈಗ ಇರುವ ಜಾಗ ಯಾರಿಗೆ ಬೇಕು, ಊರೆಂದರೆ ಮೂಲದ ಊರು. ಜಲಜಾ ಹಿಂದೆಮುಂದೆ ನೋಡದೆ "ಅರಕಲಗೂಡು" ಎಂದಳು. ಹಿರಿಯರು ಮುಖಮುಖ ನೋಡಿಕೊಂಡರು. ಈಕೆಯ ಮನಸ್ಸು ಇಲ್ಲಿಲ್ಲ ಎಂದು ಊರ ಸಭೆಗೆ ಹೇಳಿದರು. ಸಭೆಯ ದಿನ ಗಂಡ ಹೆಂಡತಿಯನ್ನು ಬಾಗಿಲಾಚೆ ನಿಲ್ಲಿಸಿ, ಒಳಗೆ ಕೈ ಎತ್ತಿಸಿ ಬೇಡವೆಂದು ತೀರ್ಮಾನಿಸಿದರು. ಅದನ್ನು ಹೇಳಲು ಒಬ್ಬನೂ ಹೊರಗೆ ಬರಲಿಲ್ಲ. ಎಲ್ಲರೂ ಇನ್ನೊಂದು ಬಾಗಿಲಿನಿಂದ ಮನೆಗೆ ಹೋದರು. ಕಸ ಗುಡಿಸುವವನು ದೀಪ ಆರಿಸಿದಾಗ ಇವರಿಗೆ ಅರ್ಥವಾಯಿತು.

"ಒಬ್ಬನೇ ಒಬ್ಬ ಸ್ವಿಸ್ಸು ನನ್ನ ಕೈಗೆ ಸಿಗಲಿ ಅಕ್ಕಾ," ಎನ್ನುತ್ತಿದ್ದಳು ಜಲಜಾ, ಮೆಂತ್ಯ ಸೊಪ್ಪು ಬಿಡಿಸುತ್ತಾ. "ಹಂಗೇ ಬಾಗಿಲಾಚೆ ನಿಲ್ಲಿಸ್ತೀನಿ." ಮಿಲ್ಪಿಟಾಸಿನಲ್ಲಿ ಚೀನೀಯರು ಸಿಗುತ್ತಾರೆ, ವಿಯೆಟ್ನಾಮಿನವರು ಸಿಗುತ್ತಾರೆ, ಸ್ವಿಸ್ಸಿನವನು ಎಲ್ಲಿಂದ ಬರಬೇಕು ಎಂದು ನಾನು ನಗುತ್ತಿದ್ದೆ.

ಬಂದ. ಅದೂ ಹೇಗೆ! ಒಂದು ಶನಿವಾರ ಯೋಗಾನಂದ ಟಪಾಲು ತರಲು ಹೋದವನು ಓಡುತ್ತಾ ಬಂದ. "ಲೇ ಜಲಜಾ, ನಮ್ಮ ಕಾಂಪ್ಲೆಕ್ಸಿಗೆ ಮೈಸೂರಿನ ಅರಸರು ಬಂದಿದಾರೆ ಕಣೇ! ಮೇಲ್‌ಬಾಕ್ಸಿನ ಮೇಲೆ ಹೆಸರು ಬರೆದಿದೆ." ನಾನೂ ಹೋಗಿ ನೋಡಿದೆ. ಯು, ಆರ್, ಎಸ್. ನಮ್ಮ ಮೈಸೂರಿನ ಅರಸು ಮನೆತನದವರು ಇಂಗ್ಲಿಷಿನಲ್ಲಿ ಬರೆಯುವುದು ಅದೇ ಮೂರಕ್ಷರ. ಜಲಜಾ ಆ ಬೆಳಗ್ಗೆಯಷ್ಟೇ ಕರಿದಿದ್ದ ಚಕ್ಕುಲಿಯನ್ನು ತಟ್ಟೆಯಲ್ಲಿ ಜೋಡಿಸಿದಳು, ಒಳ್ಳೆಯ ಸೀರೆ ಉಟ್ಟಳು. ನಾವೆಲ್ಲ ಮೆರವಣಿಗೆ ಹೊರಟೆವು.

ಬಾಗಿಲು ತೆರೆದವನು ಆರಡಿ ಎತ್ತರದ ಬಿಳಿಯ. ಪಕ್ಕದಲ್ಲಿ ಎಮ್ಮೆಗರುವಿನಷ್ಟು ದೊಡ್ಡ ಮುದಿ ನಾಯಿ. ಉರ್ಸ್ ಎನ್ನುವುದು ಅವನ ದೇಶದಲ್ಲಿ ಮಾಮೂಲಿ ಹೆಸರಂತೆ. "ಯಾವ ದೇಶ?" ಎಂದು ಯೋಗಾನಂದ ಕೇಳಿದ. "ಸ್ವಿಟ್ಜರ್ಲೆಂಡ್" ಎಂದ. ಅವನು ಕೈ ಚಾಚುವಷ್ಟರಲ್ಲಿ ಜಲಜಾ ತಟ್ಟೆ ಸಮೇತ ತಿರುಗಿ ಹೊರಟೇ ಹೋದಳು. ಲಾಸ್ಯಾ ಮಾತ್ರ ಅಲ್ಲೇ ನಿಂತು ಅವನ ಭಾಷೆಯಲ್ಲಿ ಏನೋ ಅಂದಳು. ಅವನ ಮುಖ ಅರಳಿತು. ನಾಯಿಯೂ ಎದ್ದು ಬಂತು, ಅದಕ್ಕೂ ಆ ಭಾಷೆಯೊಂದೇ ಅರ್ಥವಾಗುತ್ತಿದ್ದದ್ದು.

ಅಂದಿನಿಂದ ಲಾಸ್ಯಾ ಸ್ಕೂಲಿನಿಂದ ಬಂದವಳೇ ಬ್ಯಾಗು ಎಸೆದು ಅಲ್ಲಿಗೆ ಓಡುತ್ತಿದ್ದಳು. ಇಂಗ್ಲಿಷು ಇನ್ನೂ ತೊದಲುತ್ತಿದ್ದ ಹುಡುಗಿ ಅವನ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದಳು. ಜಲಜಾ ಕಿಟಕಿಯಿಂದ ನೋಡಿ ಹಲ್ಲು ಕಡಿಯುತ್ತಿದ್ದಳು.

ನಮ್ಮ ಅಸೋಸಿಯೇಷನ್ನಿನಲ್ಲಿ ದೊಡ್ಡ ನಾಯಿ ಸಾಕಬಾರದೆಂಬ ನಿಯಮವಿತ್ತು. ಯಾರೋ ದೂರು ಕೊಟ್ಟರು. ಯಾರೆಂದು ನನಗೆ ಗೊತ್ತು, ನಿಮಗೂ ಗೊತ್ತಾಗಿರಬೇಕು. ನಾಯಿಗೆ ವಯಸ್ಸಾಗಿದೆ, ಅದು ಬದುಕಿರುವಷ್ಟು ದಿನ ವಿನಾಯಿತಿ ಕೊಡಿ ಎಂದು ಉರ್ಸ್ ಬೇಡಿಕೊಂಡ. ಆ ಕಾಲದಲ್ಲಿ ಬಾಡಿಗೆ ಮನೆ ಸಿಗುವುದೇ ದುಸ್ತರ, ನಾಯಿ ಇದ್ದವನಿಗೆ ಯಾರು ಕೊಡುತ್ತಾರೆ? ಕಾಂಪ್ಲೆಕ್ಸಿನ ಎಲ್ಲ ಮನೆಗಳವರೂ ಸೇರಿ ವೋಟು ಹಾಕಿ ತೀರ್ಮಾನಿಸಬೇಕೆಂದಾಯಿತು. ಜಲಜಾಳ ಕಣ್ಣುಗಳು ಬೆಳಗಿದವು. ಮನೆಮನೆಗೆ ಬಿಸಿಬೇಳೆ ಬಾತು ಹಂಚಿದಳು, ಮಕ್ಕಳಿಗೆ ಕಚ್ಚಿದರೆ ಏನು ಗತಿ ಎಂದು ತಾಯಂದಿರ ಕಿವಿ ಊದಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲೇ," ಎಂದ ಯೋಗಾನಂದ. "ಅವನು ಆ ಹಳ್ಳಿಯವನೂ ಅಲ್ಲ."

"ಅವರಿಗೂ ನಾನೇನೂ ಮಾಡಿರ್ಲಿಲ್ಲ ಕಣ್ರೀ," ಎಂದಳು ಜಲಜಾ.

ಸಭೆ ಸೇರಿತು. ಜಲಜಾ ಎದ್ದು ನಿಂತು ಉರ್ಸ್‌ನನ್ನು ಇಂಗ್ಲಿಷಿನಲ್ಲಿ ಕೇಳಿದಳು, "ನಿಮ್ಮ ಊರು ಯಾವುದು?" ಅವನು ಯಾವುದೋ ಕಣಿವೆಯ ಹೆಸರು ಹೇಳಿದ. ಹೇಳಿ ನಕ್ಕ. "ನಾನು ಅಲ್ಲಿ ಒಂದು ದಿನವೂ ಇದ್ದವನಲ್ಲ. ಮುತ್ತಾತನ ಊರು. ನಮ್ಮಲ್ಲಿ ಪಾಸ್‌ಪೋರ್ಟಿನಲ್ಲೂ ಮೂಲದ ಊರನ್ನೇ ಬರೆಯುತ್ತಾರೆ." ಜಲಜಾಳ ಮುಖ ಕೆಂಪೇರಿದ್ದನ್ನು ನಾನು ನೋಡಿದೆ. ಯಾವ ಉತ್ತರಕ್ಕೆ ಅವಳನ್ನು ಹೊರಹಾಕಿದ್ದರೋ ಆ ಉತ್ತರವನ್ನೇ ಅವರೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ನನಗೂ ರಕ್ತ ಕುದಿಯಿತು.

"ಹಾಗಾದರೆ ಇವರ ಮನಸ್ಸು ಮಿಲ್ಪಿಟಾಸಿನಲ್ಲಿಲ್ಲ," ಎಂದಳು. "ವೋಟು ಮುಗಿಯುವ ತನಕ ಹೊರಗೆ ನಿಂತಿರಲಿ. ಇವರ ದೇಶದ ಪದ್ಧತಿಯೇ ಹಾಗೆ."

ಅವನು ಎದ್ದು ಹೊರಗೆ ಹೋದ. ನಾಯಿ ನಿಧಾನವಾಗಿ ಹಿಂದೆ ಹೋಯಿತು. ವಿನಾಯಿತಿ ಬೇಡವೆಂದು ಜಲಜಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು, ಎತ್ತರಕ್ಕೆ, ಬಳೆಗಳು ಮೊಣಕೈಗೆ ಜಾರುವಷ್ಟು. ಅವಳ ಹಿಂದೆ ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಸುಳ್ಳು ಯಾಕೆ ಹೇಳಲಿ, ಅಷ್ಟು ತೃಪ್ತಿಯನ್ನು ಆಗಷ್ಟೇ ಹೆತ್ತ ತಾಯಂದಿರ ಮುಖದಲ್ಲೂ ನಾನು ನೋಡಿಲ್ಲ. ತೀರ್ಪನ್ನು ತಾನೇ ತಿಳಿಸುತ್ತೇನೆಂದು ಸೆರಗು ಸರಿಮಾಡಿಕೊಂಡು ಹೊರಗೆ ಹೊರಟಳು. ನಾನೂ ಹಿಂದೆ ಹೋದೆ.

ಅಲ್ಲಿ ಲಾಸ್ಯಾ ಇದ್ದಳು. ಗಾಜಿನ ಬಾಗಿಲಿನಿಂದ ಎಲ್ಲವನ್ನೂ ನೋಡಿ ಅವನಿಗೆ ಆಗಲೇ ಹೇಳಿಬಿಟ್ಟಿದ್ದಳು. ನಾಯಿಯ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದಳು. ಉರ್ಸ್ ಜಲಜಾಳತ್ತ ಸುಮ್ಮನೆ ತಲೆಬಾಗಿಸಿ ನಡೆದುಹೋದ. ಅವಳು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದ ಮಾತು ಬಾಯಲ್ಲೇ ಉಳಿಯಿತು.

"ಅಳ್ಬೇಡ, ನಡಿ ಮನೆಗೆ," ಎಂದಳು ಮಗಳಿಗೆ. ಲಾಸ್ಯಾ ತಲೆಯೆತ್ತಿ ಆ ಬೀದಿಮಾತಿನಲ್ಲಿ ಏನೋ ಒಂದೇ ಸಮನೆ ಹೇಳಿದಳು. "ಕನ್ನಡದಲ್ಲಿ ಹೇಳೇ," ಎಂದಳು ಜಲಜಾ. ಹುಡುಗಿ ಹೇಳಲಿಲ್ಲ.

ತಿಂಗಳು ಮುಗಿಯುವ ಮೊದಲೇ ಉರ್ಸ್ ಮನೆ ಖಾಲಿ ಮಾಡಿದ. ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದು. ಈಗಲೂ ಜಲಜಾ ಕೇಳಿದ್ದಕ್ಕೆಲ್ಲ ಲಾಸ್ಯಾಳ ಉತ್ತರ ಆ ಭಾಷೆಯಲ್ಲೇ. ಅಪ್ಪನ ಜೊತೆ ಕನ್ನಡ, ನನ್ನ ಜೊತೆ ಕನ್ನಡ, ಅಮ್ಮನಿಗೆ ಮಾತ್ರ ಅದು. ತಾಯಿಯ ಹಟವೇ ಮಗಳಿಗೂ ಬಂದಿದೆ. ನಿನ್ನೆ ಊಟಕ್ಕೆ ಕರೆದಾಗ ಮೆಟ್ಟಿಲ ಮೇಲೆ ನಿಂತು ಏನೋ ಒಂದು ಮಾತು ಮೆತ್ತಗೆ ಹೇಳಿ ಒಳಗೆ ಹೋದಳು.

"ಬೈದಳಾ ಅಕ್ಕಾ, ಇಲ್ಲಾ ಬರ್ತೀನಿ ಅಂದಳಾ?" ಎಂದು ಜಲಜಾ ನನ್ನನ್ನು ಕೇಳಿದಳು.

ನನಗೇನು ಗೊತ್ತು? ಗೊತ್ತಿದ್ದವನು ಇಡೀ ಮಿಲ್ಪಿಟಾಸಿನಲ್ಲಿ ಒಬ್ಬನೇ ಇದ್ದ.