ಎರಡನೆಯ ಪರದೆ

ತೀರಿಕೊಳ್ಳುವ ಹಿಂದಿನ ದಿನವೂ ಪಂಪಾಪತಿಯವರು ಎದ್ದವರೇ ಕಾಫಿಗೆ ಮೊದಲು ಕಿಟಕಿಯ ಹತ್ತಿರ ಹೋದರು. ಲ್ಯಾಬಿನಲ್ಲಿ ಅವರದು ಗಾಳಿ ಸೋಸುವ ಕೆಲಸ. ಕೆಂಡದಂತೆ ಕಾದು ಕರೆಂಟು ಕೊಡುವ ಪಿಂಗಾಣಿ ತಟ್ಟೆಯೊಂದು ಅಲ್ಲಿತ್ತು. ಗಾಳಿಯಲ್ಲಿನ ಗಂಧಕವೋ ಕಾದ ಉಕ್ಕಿನ ಆವಿಯೋ ತಾಗಿದರೆ ಅದು ಸಾಯುತ್ತದೆ. ಅದಕ್ಕೇ ಗಾಳಿ ಬರುವ ದಾರಿಯಲ್ಲಿ ಕೊಳೆ ಹಿಡಿಯುವ ಎರಡು ಬಿಲ್ಲೆ. ಮೊದಲನೆಯದು ಕೊಳೆ ಹೀರಿ ಕೆಡಬೇಕು, ಎರಡನೆಯದು ಬೆಳ್ಳಗಿರಬೇಕು; ಹಾಗಿದ್ದರೆ ತಟ್ಟೆ ಕ್ಷೇಮ. ಆ ಹುಚ್ಚು ಮನೆಗೂ ಬಂತು. ಊದುಬತ್ತಿ ಬಂದ್. ಒಗ್ಗರಣೆ ಹೊಗೆಯಾಡಿದರೆ ಮನೆಯೆಲ್ಲ ಓಡಾಟ. ವಿಭೂತಿಯನ್ನೂ ಒದ್ದೆ ಮಾಡಿಯೇ ಹಚ್ಚಬೇಕು. ಚೆನ್ನೈನ ಕೋಯಂಬೇಡು ಮಾರ್ಕೆಟ್ಟಿನ ಲಾರಿಗಳ ಕಡೆಗಿನ ಕಿಟಕಿಗೆ ಹಳೆ ಪಂಚೆಯ ಎರಡು ಒದ್ದೆ ಪರದೆ. "ಇದು ಮನಿಯೋ ನಿಮ್ಮ ಲ್ಯಾಬೋ? ಪಕ್ಕದ ಮಾಮಿ ಪೈತ್ಯಮಾ, ಹುಚ್ಚೇನು ಅಂತ ನಗ್ತಾಳ್ರೀ" ಎಂದು ಹೆಂಡತಿ ಜಯದೇವಿ ರೇಗುತ್ತಿದ್ದಳು. "ನಗಲಿ ಬಿಡೇ" ಎಂದು ಅವರು ಒಳಗಿನ ಪರದೆಯನ್ನು ಬೆಳಕಿಗೆ ಹಿಡಿದು ನೋಡಿ, "ತಟ್ಟೆಗೇನೂ ಆಗಿಲ್ಲ" ಎನ್ನುತ್ತಿದ್ದರು. ಮನೆಯಲ್ಲಿ ಎಲ್ಲಿಯ ತಟ್ಟೆ ಎಂದು ಅವಳು ಕೇಳಲಿಲ್ಲ. ಮರುದಿನ ಬಸ್ಸಿನಲ್ಲಿ ಕೂತಲ್ಲೇ ಅವರ ಉಸಿರು ನಿಂತಿತು. ಮಣ್ಣು ಮಾಡಿ ಬಂದ ನೆಂಟರು ಪರದೆ ಕಿತ್ತು ಮನೆ ತೊಳೆದರು. ವಾರ ಕಳೆಯುವುದರೊಳಗೆ, ಮದುವೆಯ ಹೊಸತರಲ್ಲಿ ಕಾಡಿ ಎಷ್ಟೋ ವರ್ಷದಿಂದ ಮರೆತೇಹೋಗಿದ್ದ ಅವಳ ಉಬ್ಬಸ ತಿರುಗಿ ಬಂತು. ಕಿಟಕಿಯ ಸರಳು ಹಿಡಿದು ಉಸಿರೆಳೆಯುವಾಗ ತಟ್ಟೆ ಯಾರೆಂದು ತಿಳಿಯಿತು. ಈಗ ಜಯದೇವಿ ಎರಡೂ ಪರದೆ ಮತ್ತೆ ಕಟ್ಟಿದ್ದಾಳೆ. ದಿನಾ ಬೆಳಿಗ್ಗೆ, ಕಪ್ಪಾದ ಹೊರಗಿನ ಪರದೆಯನ್ನು ಒಗೆದು ಒದ್ದೆಯಾಗಿಯೇ ಕಟ್ಟುತ್ತಾಳೆ. ಒಳಗಿನದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಬೆಳ್ಳಗೇ ಇರುತ್ತದೆ. ಆಮೇಲೆ ಒಬ್ಬಳಿಗೇ ಕಾಫಿ ಮಾಡಿಕೊಳ್ಳುತ್ತಾಳೆ.